ದುಬೈನಲ್ಲಿ ಬಟ್ಟೆ ಅಂಗಡಿ ಹೆಲ್ಪರ್ ನಾನು. ಸೇಲ್ಸ್‌ಮನ್ ಆಗಲು ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಲೇ, ಇಲ್ಲ ಮಾಲ್ ಶೋರೂಮ್‌ಗೆ ಹೋಗಲೇ?

ಎರಡೂ ಬೇಡ ಮಾರಾಯ್ರೆ.

ಬೈಂದೂರಿನಲ್ಲಿ ಪಿಯುಸಿ ಡುಮ್ಕಿ ಹೊಡೆದು 2006ರಲ್ಲಿ ಬಂದವನು ನಾನು. ಬರ್ ದುಬೈ ಜವಳಿ ಸೂಕ್‌ನಲ್ಲಿ ಹೆಲ್ಪರ್. ಬೆಳಿಗ್ಗೆ ಗುಡಿಸುವುದು, ದೇರಾದ ಹೋಲ್‌ಸೇಲ್ ಅಂಗಡಿಗಳಿಂದ ಥಾನು (ಬಟ್ಟೆಯ ಸುರುಳಿ) ಹೊತ್ತು ತರುವುದು. ಅಬ್ರಾ ಅನ್ನುವ ದೋಣಿಗೆ ಒಂದು ದಿರ್ಹಮ್ ಕೊಟ್ಟು, ಥಾನನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕ್ರೀಕ್ ದಾಟುತ್ತಿದ್ದೆ. ಇಂಗ್ಲಿಷ್ ಬಂದರೆ ಕೌಂಟರ್ ಸಿಗುತ್ತದೆ ಅಂತ ನನಗೂ ಭ್ರಮೆ ಇತ್ತು. ನಮ್ಮ ಗಿರಾಕಿಗಳು ಬಂದು ಕೇಳುತ್ತಿದ್ದದ್ದು 'ಕಮ್?', ರೇಟು ಹೇಳಿದರೆ 'ಗಾಲಿ!' ಅರಬ್ಬಿಯಲ್ಲಿ ಎಷ್ಟು, ದುಬಾರಿ, ಅಷ್ಟೇ. ಉಳಿದದ್ದಕ್ಕೆ ಹಿಂದಿ ಸಾಕು. ನಮ್ಮಲ್ಲಿ ಆರು ವಾರದ ಸೀರೆ ಅನ್ನುವ ಆ 'ವಾರ' (ಗಜ) ಇದೆಯಲ್ಲ, ಇಲ್ಲಿನ ಅರಬ್ಬರ ಬಾಯಲ್ಲೂ ಅದು 'ವಾರ್'!

ನನ್ನನ್ನು ಹಿಂದಕ್ಕೆ ತಳ್ಳಿದ್ದು ಭಾಷೆಯಲ್ಲ, ಲಾಟ್ ನಂಬರ್. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೊಬೇಡಿ.

ಎರಡನೇ ವರ್ಷ, ಸೇಲ್ಸ್‌ಮನ್ ಊಟಕ್ಕೆ ಹೋಗಿದ್ದಾಗ ಮದುವೆ ಮನೆಯವರೊಬ್ಬರು ಬಂದರು. ಹನ್ನೊಂದು ಹುಡುಗಿಯರಿಗೆ ಒಂದೇ ಬಣ್ಣದ ಪೀಚ್ ಕ್ರೇಪ್, ತಲೆಗೆ ನಾಲ್ಕು ವಾರ, ಒಟ್ಟು 44. ನನ್ನ ಕೈಯಲ್ಲಿದ್ದ ಥಾನಿನಲ್ಲಿ 31 ವಾರ ಇತ್ತು. ಏಳು ಜನರಿಗೆ 28 ಕತ್ತರಿಸಿದೆ. ಮಿಕ್ಕ 16ಕ್ಕೆ ಇನ್ನೊಂದು ಥಾನು ಇಳಿಸಿದೆ. ಲೇಬಲ್ ಮೇಲೆ ಅದೇ ಡಿಸೈನ್ ನಂಬರ್, ಅದೇ ಕಲರ್ ನಂಬರ್. ಕೆಳಗೆ ಸಣ್ಣಕ್ಷರದಲ್ಲಿದ್ದ ಲಾಟ್ ನಂಬರ್ ಬೇರೆ. ಅದನ್ನು ಓದಲೇ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ಜೋಡಿಸಿ ನೋಡಿದೆ, ಒಂದೇ ಥರ ಕಾಣಿಸಿತು. ಕತ್ತರಿ ಹಾಕಿದೆ.

ನಾಲ್ಕು ದಿನ ಬಿಟ್ಟು ಅವರು ಟೈಲರ್ ಕತ್ತರಿಸಿದ ತುಂಡುಗಳನ್ನು ತಂದು ಅಂಗಡಿ ಬಾಗಿಲಲ್ಲಿ, ಬಿಸಿಲಿಗೆ ಹಿಡಿದರು. ನಾಲ್ಕು ತುಂಡು ಗುಲಾಬಿಗೆ ತಿರುಗಿದ್ದವು. ಒಂದೊಂದು ಲಾಟ್‌ಗೆ ಬಣ್ಣದ ಅದ್ದು ಬೇರೆ ಬೇರೆ ದಿನ ಆಗಿರುತ್ತದೆ. ಬಣ್ಣ ಬೆರೆಸುವ ಲೆಕ್ಕ ಒಂದೇ ಆದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಟ್ಯೂಬ್‌ಲೈಟಿನಲ್ಲಿ ಕೆಂಪಿನ ಅಂಶ ಕಡಿಮೆ, ಹಾಗಾಗಿ ಕೆಂಪಿನ ವ್ಯತ್ಯಾಸ ಅಲ್ಲಿ ಅಡಗಿಬಿಡುತ್ತದೆ, ಬಿಸಿಲಿನಲ್ಲಿ ಬಯಲಾಗುತ್ತದೆ. ಮೊದಲ ಲಾಟ್ ದೇರಾದಲ್ಲೆಲ್ಲೂ ಉಳಿದಿರಲಿಲ್ಲ. 16 ವಾರದ ದುಡ್ಡು ನನ್ನ ಸಂಬಳದಲ್ಲಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಕೌಂಟರ್ ಕೊಡುತ್ತೇನೆ ಅಂದಿದ್ದ ಯಜಮಾನರು ಮತ್ತೆ ಒಂದು ವರ್ಷ ಆ ಮಾತೇ ಎತ್ತಲಿಲ್ಲ.

ಮಾಡಬೇಕಾಗಿದ್ದದ್ದು ಇಷ್ಟು: ಕತ್ತರಿ ಮುಟ್ಟುವ ಮೊದಲು ಥಾನಿನಲ್ಲಿ ಎಷ್ಟಿದೆ ಅಂತ ಅಳೆಯುವುದು. ಸಾಲದಿದ್ದರೆ ಎರಡೂ ಥಾನನ್ನು ಬಾಗಿಲಿಗೆ ಒಯ್ದು, ಒಂದೇ ದಿಕ್ಕಿಗೆ ಹಾಸಿ, ಅಂಚಿನ ಮೇಲೆ ಅಂಚು ಇಟ್ಟು ಓರೆಯಾಗಿ ನೋಡುವುದು (ವೆಲ್ವೆಟ್ ಆದರೆ ತಲೆಕೆಳಗಾಗಿ ಹಿಡಿದರೂ ಬಣ್ಣ ಬೇರೆ ಕಾಣುತ್ತದೆ, ಅದು ಲಾಟಿನ ತಪ್ಪಲ್ಲ). ಬಣ್ಣ ಸೇರದಿದ್ದರೆ ಗಿರಾಕಿಗೆ ಆಗಲೇ ಹೇಳಿಬಿಡುವುದು. ಎರಡನೇ ಲಾಟನ್ನು ಪುಟ್ಟ ಮಕ್ಕಳಿಗೆ ಹಾಕಿಸಿ, ದೊಡ್ಡವರ ಸಾಲಿಗೆ ಬೆರೆಸಬೇಡಿ ಅಂದರೆ ಮುಕ್ಕಾಲು ಜನ ಒಪ್ಪುತ್ತಾರೆ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದಲ್ಲ, ಆ ಹೊತ್ತೇ ನಿಮ್ಮ ಕೋರ್ಸ್. ಒಂದು ವಾರ ಅಂದರೆ 36 ಇಂಚು, 91.44 ಸೆಂಟಿಮೀಟರ್. ಹತ್ತು ಮೀಟರ್ ಅಂದರೆ ಹನ್ನೊಂದು ವಾರಕ್ಕೆ ಸುಮಾರು ಎರಡು ಇಂಚು ಕಡಿಮೆ. ನಮ್ಮವರು ಮೀಟರ್ ಲೆಕ್ಕದಲ್ಲಿ ಕೇಳಿ ವಾರದಲ್ಲಿ ಒಯ್ದು ಆಮೇಲೆ ಜಗಳಕ್ಕೆ ಬರುತ್ತಾರೆ, ಬಾಯಿಬಿಟ್ಟು ಕೇಳಿಯೇ ಅಳೆಯಿರಿ. ಪನ್ನ (ಬಟ್ಟೆಯ ಅಗಲ) 44 ಇಂಚೋ 58 ಇಂಚೋ ಅಂತ ನೋಡದೆ ಎಷ್ಟು ಬಟ್ಟೆ ಬೇಕು ಅಂತ ಹೇಳಲೇಬೇಡಿ. 44ರಲ್ಲಿ ಕುರ್ತಾಕ್ಕೆ ಎರಡೂವರೆ ಮೀಟರ್ ಹಿಡಿಯುತ್ತದೆ. ಜಾರ್ಜೆಟ್ ಕತ್ತರಿಯಲ್ಲಿ ಜಾರುತ್ತದೆ, ಒಂದು ನೂಲು ಎಳೆದು ಆ ಗೆರೆಯಲ್ಲೇ ಕತ್ತರಿಸಿ. ಹತ್ತಿಯೋ ಪಾಲಿಸ್ಟರೋ ಅನುಮಾನ ಬಂದರೆ ಅಂಚಿನ ಒಂದೆರಡು ನೂಲು ಸುಡಿ: ಹತ್ತಿಗೆ ಕಾಗದ ಸುಟ್ಟ ವಾಸನೆ, ಬೂದಿ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಗಿರಾಕಿಯ ಎದುರಿಗೇ ಮಾಡಿ ತೋರಿಸಿ. ಹತ್ತು ನಿಮಿಷದ ಇಂಗ್ಲಿಷ್‌ಗಿಂತ ಅದು ಹೆಚ್ಚು ಮಾರುತ್ತದೆ.

ಮಾಲ್ ಶೋರೂಮ್‌ನಲ್ಲಿ ರೆಡಿಮೇಡ್ ಮಡಚಿಡುವುದನ್ನು ಕಲಿಯುತ್ತೀರಿ, ಬಟ್ಟೆಯನ್ನಲ್ಲ. ನನ್ನ ಅಭಿಪ್ರಾಯ, ಒಪ್ಪದವರು ಬಿಡಿ.

ಸೇಲ್ಸ್‌ಮನ್ ಕೆಲಸ ಸಿಕ್ಕಾಗ ಕಮಿಷನ್ ನೋಡಿ ಬಾಯಿ ಬಿಡಬೇಡಿ, ಬೇಸಿಕ್ (ಮೂಲ ಸಂಬಳ) ಏರಿಸಲು ಕೇಳಿ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿಯ ಲೆಕ್ಕ ಬೇಸಿಕ್ ಮೇಲೆಯೇ, ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಕಮಿಷನ್ ಎಷ್ಟು ಅನ್ನುವುದೂ ಕಾಗದದ ಮೇಲಿರಲಿ. ಸಂಜೆ ಪಕ್ಕದ ಅಂಗಡಿಯಲ್ಲಿ ಪರ್ಮಿಟ್ ಇಲ್ಲದೆ ನಿಂತು ಸಿಕ್ಕಿಹಾಕಿಕೊಳ್ಳಬೇಡಿ.

ಕೋರ್ಸಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಹತ್ತು ಇಂಚಿನ ಒಳ್ಳೆಯ ಕತ್ತರಿ ತಗೊಳ್ಳಿ, ಯಾರಿಗೂ ಕೊಡಬೇಡಿ. ಅಂಗಡಿಯ ಕತ್ತರಿಯಲ್ಲಿ ಯಾರೋ ರಟ್ಟು ಕತ್ತರಿಸಿ ಬಾಯಿ ಹಾಳು ಮಾಡಿಯೇ ಇರುತ್ತಾರೆ.