ಸ್ಪೇನಿನ ಬಾರ್‌ನಲ್ಲಿ ಫುಟ್‌ಬಾಲ್ ನೋಡುವಾಗ ಏನಂತ ಕೂಗಬೇಕು?

ಮುಂದಿನ ತಿಂಗಳು ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋಗುತ್ತಿದ್ದೇನೆ, ಆಫೀಸಿನವರು ಬಾರ್‌ನಲ್ಲಿ ಮ್ಯಾಚ್ ನೋಡಲು ಕರೆಯುತ್ತಾರಂತೆ, ಆದರೆ ಸ್ಪ್ಯಾನಿಷ್ ಕ್ಲಾಸಿನಲ್ಲಿ ಕಲಿತದ್ದು ಬರೀ ಮೇಜು, ಕುರ್ಚಿ, ಬಸ್ ಟಿಕೆಟ್ ಅಂತ ಬರೆದಿದ್ದೀರಿ. ನಾನು ಅದೇ ಊರಿನಲ್ಲಿ ಮೂರು ವರ್ಷ ಇದ್ದೆ. ಬಂದ ಹೊಸತರಲ್ಲಿ ನನ್ನದೂ ಇದೇ ಪಾಡು.

ಮೊದಲನೆಯದಾಗಿ, ವಾಕ್ಯ ಕಲಿಯಬೇಡಿ. ನೀವು ಕ್ರಿಯಾಪದ ಹುಡುಕುವಷ್ಟರಲ್ಲಿ ಚೆಂಡು ಮೈದಾನದ ಆಚೆ ತುದಿ ಸೇರಿರುತ್ತದೆ. ಒಂದೇ ಪದದ ಕೂಗುಗಳು ಸಾಕು. ಅದರಲ್ಲೂ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು 'ಉಯ್'. ಗೋಲ್ ಕೂದಲೆಳೆಯಲ್ಲಿ ತಪ್ಪಿದಾಗ ಇಡೀ ಬಾರ್ 'ಉಉಉಯ್' ಅನ್ನುತ್ತದೆ. ಗೋಲ್ ಆಗುವುದು ಮ್ಯಾಚಿಗೆ ಒಂದೋ ಎರಡೋ, ತಪ್ಪುವುದು ಹತ್ತಾರು. ಹಾಗಾಗಿ ಇದೊಂದು ಬಂದರೆ ಅರ್ಧ ಸಂಜೆ ಕಳೆಯಬಹುದು.

2024ರ ಜುಲೈ 14, ಯೂರೋ ಅಂದರೆ ಯೂರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಯ ಫೈನಲ್, ಸ್ಪೇನ್ ಮತ್ತು ಇಂಗ್ಲೆಂಡ್. ಬಾರ್‌ನಲ್ಲಿ ಕಾಲಿಡಲು ಜಾಗವಿಲ್ಲ. ಸ್ಪೇನಿನ ಒಯಾರ್ಸಾಬಾಲ್ 86ನೇ ನಿಮಿಷದಲ್ಲಿ ಹೊಡೆದು 2-1 ಮಾಡಿದ. ಆಮೇಲೆ ಕೊನೆಗಳಿಗೆಯಲ್ಲಿ ಇಂಗ್ಲೆಂಡಿಗೆ ಒಂದು ಕಾರ್ನರ್. ಅವರ ರೈಸ್ ತಲೆಯಿಂದ ಹೊಡೆದ, ಸ್ಪೇನಿನ ಗೋಲ್‌ಕೀಪರ್ ಉನಾಯ್ ಸಿಮೋನ್ ತಳ್ಳಿದ. ಇಂಗ್ಲೆಂಡಿನ ಗೇಹಿ ಮತ್ತೆ ತಲೆ ಕೊಟ್ಟ. ಗೋಲ್ ಗೆರೆಯ ಮೇಲೆ ನಿಂತಿದ್ದ ಸ್ಪೇನಿನ ದಾನಿ ಓಲ್ಮೊ ತಲೆಯಿಂದಲೇ ಆಚೆ ಕಳಿಸಿದ. ಎರಡು ಮೂರು ಸೆಕೆಂಡಿನ ಆಟ. ಅಷ್ಟರಲ್ಲಿ ನನ್ನ ಪಕ್ಕದ ಅಜ್ಜಿ 'ಆಯ್', 'ಉಯ್', 'ಮಾದ್ರೆ ಮೀಯಾ' ಮೂರನ್ನೂ ಹೇಳಿ ಮುಗಿಸಿದ್ದರು. ಕೊನೆಯದಕ್ಕೆ ಅರ್ಥ 'ನನ್ನ ತಾಯೇ'. ನಮ್ಮ 'ಅಯ್ಯೋ ಅಮ್ಮಾ' ಇದ್ದ ಹಾಗೇ, ಅಲ್ವಾ?

ಇನ್ನು ಹೊಗಳಿಕೆ. ಭರ್ಜರಿ ಗೋಲಿಗೆ 'ಗೊಲಾಸೊ', ಅದ್ಭುತವಾಗಿ ತಡೆದರೆ 'ಪರದೋನ್'. ಗೋಲ್‌ಗೆ 'ಆಸೊ' ಸೇರಿಸಿದರೆ ದೊಡ್ಡ ಗೋಲ್, ತಡೆಗೆ ಇರುವ 'ಪರಾದಾ'ಗೆ 'ಓನ್' ಸೇರಿಸಿದರೆ ದೊಡ್ಡ ತಡೆ. ಮುಂದೆ 'ಕೆ' ಹಾಕಿ 'ಕೆ ಗೊಲಾಸೊ' ಅಂದರೆ 'ಎಂಥಾ ಗೋಲು!'. ಹುರಿದುಂಬಿಸಲು 'ಬಾಮೋಸ್' ಅಥವಾ 'ಬೆಂಗಾ'. ಒಂದರ ಮೂಲ ಅರ್ಥ 'ಹೋಗೋಣ', ಇನ್ನೊಂದರದ್ದು 'ಬಾ'. ಯಾವುದಾದರೂ ನಡೆಯುತ್ತದೆ.

ರೆಫರಿ ವಿಷಯಕ್ಕೆ ಬಂದರೆ ಭಾಷೆ ತಾನಾಗಿ ಹರಿಯುತ್ತದೆ. 'ಪೆರೊ ಕೆ ಪೀತಾಸ್?' ಅಂದರೆ 'ಏನಂತ ಸೀಟಿ ಊದ್ತೀಯೋ?'. ಗಮನಿಸಿ, ಏಕವಚನ. ಸ್ಪ್ಯಾನಿಷ್‌ನಲ್ಲೂ ಗೌರವದ 'ನೀವು' ಇದೆ, ಕ್ಲಾಸಿನಲ್ಲಿ ಕಲಿಸಿರುತ್ತಾರೆ. ರೆಫರಿಗೆ ಅದು ಅನ್ವಯಿಸುವುದಿಲ್ಲ. ಚೆಂಡು ಕೈಗೆ ತಗುಲಿದರೆ 'ಮಾನೊ', ಆಫ್‌ಸೈಡಿಗೆ 'ಫ್ವೆರಾ ದೆ ಹ್ವೇಗೊ', ಸೋತರೆ 'ನೋಸ್ ಆನ್ ರೊಬಾದೊ', ಅಂದರೆ ನಮ್ಮನ್ನು ದೋಚಿಬಿಟ್ಟರು. ಸೋತವರೆಲ್ಲ ಇದನ್ನೇ ಹೇಳುತ್ತಾರೆ, ನಾಲ್ಕು ಗೋಲಿನಿಂದ ಸೋತರೂ. ಬೈಗುಳ ನಿಮಗೆ ಸುಮ್ನೆ ಕಿವಿಗೆ ಬೀಳುತ್ತವೆ. ಬಳಸುವ ಆಸೆಯಾದರೆ 'ಓಸ್ತ್ರಾಸ್', 'ಹೊಲೀನ್' ಅನ್ನುವ ಸೌಮ್ಯ ರೂಪಗಳಿವೆ, ಮಕ್ಕಳೂ ಹೇಳುವಂಥವು.

ಒಂದು ಪದದ ಹತ್ತಿರ ಮಾತ್ರ ಹೋಗಬೇಡಿ. ಬಂದ ಮೊದಲ ತಿಂಗಳು, ಮ್ಯಾಚ್ ಶುರುವಾಗುವ ಮುಂಚೆ, 'ತುಂಬಾ ಎಕ್ಸೈಟ್ ಆಗಿದೀನಿ' ಅನ್ನಲು ಹೋಗಿ ಇಂಗ್ಲಿಷ್ ಪದಕ್ಕೇ ಸ್ಪ್ಯಾನಿಷ್ ಅಂಗಿ ತೊಡಿಸಿ 'ಎಸ್ತೋಯ್ ಎಕ್ಸಿತಾದೊ' ಅಂದೆ. ಲೋಟ ಒರೆಸುತ್ತಿದ್ದ ಬಾರ್ ಮಾಲೀಕ ಕೈ ನಿಲ್ಲಿಸಿ ನನ್ನನ್ನೇ ನೋಡಿದ. ಅದರ ಅರ್ಥ ಮಲಗುವ ಕೋಣೆಗೆ ಸಂಬಂಧಿಸಿದ್ದು. ಹೇಳಬೇಕಾದ್ದು 'ಎಮೊಸಿಯೊನಾದೊ', ಹೆಂಗಸರಾದರೆ 'ಎಮೊಸಿಯೊನಾದಾ'. ನನ್ನ ತಂಡ ಗೆದ್ದಾಗಲೆಲ್ಲ ಆತ ಅದನ್ನು ನೆನಪಿಸುತ್ತಿದ್ದ.

ಉಚ್ಚಾರಣೆಗೆ ಹೆದರಬೇಡಿ. ಅವರದ್ದು ತ, ದ. ಇಂಗ್ಲಿಷ್ ಓದಿದ ಅಭ್ಯಾಸದಲ್ಲಿ ಟ, ಡ ಮಾಡಬೇಡಿ, ಅಷ್ಟೇ. ಬರೆಯುವಾಗ 'ವಿ' ಅಕ್ಷರ ಇದ್ದರೂ ಓದುವಾಗ 'ಬ'. ಗೊಲಾಸೊದ 'ಸೊ'ವನ್ನು ಮ್ಯಾಡ್ರಿಡ್‌ನವರು ನಾಲಿಗೆ ತುದಿ ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡುತ್ತಾ ಹೇಳುತ್ತಾರೆ. ನಮ್ಮ 'ಸ' ಹಾಗೇ ಹೇಳಿದರೂ ತಪ್ಪಿಲ್ಲ, ಲ್ಯಾಟಿನ್ ಅಮೆರಿಕದವರೆಲ್ಲ ಹೇಳುವುದು ಹಾಗೇ.

ಅರ್ಜೆಂಟೀನಾದ ವಿಡಿಯೋ ನೋಡಿ ಕಲಿಯುತ್ತಿದ್ದರೆ ಸ್ವಲ್ಪ ಎಚ್ಚರ. ಸ್ಪೇನಿನ 'ಪೆನಾಲ್ತಿ' ಅಲ್ಲಿ 'ಪೆನಾಲ್', ಇಲ್ಲಿನ ಗೋಲ್‌ಕೀಪರ್ 'ಪೊರ್ತೇರೊ' ಅಲ್ಲಿ 'ಅರ್ಕೇರೊ'. 2022ರ ವಿಶ್ವಕಪ್‌ನಲ್ಲಿ ಮೆಸ್ಸಿ ಡಚ್ ಆಟಗಾರನಿಗೆ 'ಕೆ ಮಿರಾಸ್, ಬೋಬೊ' ಅಂದ, ಏನ್ ನೋಡ್ತೀಯೋ ಪೆದ್ದ ಅಂತ. ಆಫೀಸಿನಲ್ಲಿ ಪ್ರಯೋಗ ಮಾಡಬೇಡಿ. ಮೆಸ್ಸಿ ಹೇಳಿದರೆ ನಡೆಯುತ್ತದೆ.

ಕೂಗುವ ಮುಂಚೆ ಒಂದು ಪ್ರಶ್ನೆ ಕೇಳಿಬಿಡಿ: 'ದೆ ಕೆ ಎಕೀಪೊ ಎರೆಸ್?', ನೀನು ಯಾವ ತಂಡದ ಕಡೆ? ಊರಿನ ಎರಡು ದೊಡ್ಡ ತಂಡಗಳಾದ ರಿಯಲ್ ಮ್ಯಾಡ್ರಿಡ್, ಅತ್ಲೆತಿಕೊ ಎರಡರವರೂ ಒಂದೇ ಮೇಜಿನಲ್ಲಿರುತ್ತಾರೆ. ಅತ್ಲೆತಿಕೊದವರಿಗೆ 'ಕೊಲ್ಚೊನೇರೊಸ್' ಅನ್ನುತ್ತಾರೆ, ಹಾಸಿಗೆ ಮಾಡುವವರು ಅಂತ. ಅವರ ಕೆಂಪು-ಬಿಳಿ ಪಟ್ಟೆ ಅಂಗಿ ಹಳೇ ಕಾಲದ ಹಾಸಿಗೆ ಬಟ್ಟೆಯ ಹಾಗಿದೆಯಂತೆ. ಅವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮತ್ತೆ, ಗಾಬರಿಯಲ್ಲಿ ಬಾಯಿಂದ 'ಅಯ್ಯೋ' ಬಂದರೂ ಚಿಂತೆಯಿಲ್ಲ. ಅವರ 'ಆಯ್' ಜೊತೆ ಬೆರೆತು ಹೋಗುತ್ತದೆ. ನನ್ನದು ಮೂರು ವರ್ಷವೂ ಯಾರಿಗೂ ಗೊತ್ತಾಗಲಿಲ್ಲ.