ತೋಟದ ಮನೆಯ ಕನಸಿನಲ್ಲಿ ಕೊಟ್ಟಿಗೆ ಬಾಚುವವರು ಯಾರು?

ಪ್ರಶ್ನೆ: ನನಗೆ 39 ವರ್ಷ. ಅರಸೀಕೆರೆ ಕಡೆಯ ಒಕ್ಕಲು ಮನೆತನದಲ್ಲಿ ಹುಟ್ಟಿದವಳು, ಈಗ ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದೇನೆ. ಪತಿ ಸಾಫ್ಟ್‌ವೇರ್ ಉದ್ಯೋಗಿ, ನಗರದಲ್ಲೇ ಬೆಳೆದವರು. ಎರಡು ವರ್ಷಗಳಿಂದ ‘ಹೋಮ್‌ಸ್ಟೆಡಿಂಗ್’ ಎಂಬ ಜೀವನಕ್ರಮದ ವಿಡಿಯೊಗಳನ್ನು ನೋಡುತ್ತಿರುವ ಅವರು, ಇಬ್ಬರ ಹೆಸರಿನಲ್ಲಿರುವ ಫ್ಲ್ಯಾಟ್ ಮಾರಿ ಶಿರಾ ಬಳಿ ಮೂರು ಎಕರೆ ಕೊಂಡು, ನಮ್ಮ ಅನ್ನ ನಾವೇ ಬೆಳೆದುಕೊಂಡು ಬದುಕೋಣ ಎನ್ನುತ್ತಿದ್ದಾರೆ. ಜಮೀನಿನವರು ಯುಗಾದಿಯೊಳಗೆ ಮುಂಗಡ ಕೇಳುತ್ತಿದ್ದಾರೆ. ಮಗಳು ಎಂಟನೇ ತರಗತಿ. ಆ ಬದುಕಿನಿಂದ ಹೊರಬರಲೆಂದೇ ಅಪ್ಪ ನನ್ನನ್ನು ಓದಿಸಿದರು. ಒಲ್ಲೆ ಎಂದರೆ, ‘ನಿನಗೆ ಮಣ್ಣಿನ ಮೇಲೆ ಪ್ರೀತಿಯಿಲ್ಲ’ ಎನ್ನುತ್ತಾರೆ. ನಾನು ಸ್ವಾರ್ಥಿಯೇ?

ಉತ್ತರ: ನೀವು ಸ್ವಾರ್ಥಿಯಲ್ಲ. ನಿಮ್ಮ ಮನೆಯಲ್ಲಿ ಆ ಬದುಕನ್ನು ಕೈಯಾರೆ ಬಲ್ಲವರು ನೀವೊಬ್ಬರೇ. ನಿಮ್ಮ ಹಿಂಜರಿಕೆ ಹುಟ್ಟಿರುವುದು ಆ ತಿಳಿವಳಿಕೆಯಿಂದ. ಹಾಗೆಂದು ನಿಮ್ಮ ಪತಿಯ ಆಸೆಯನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ದಿನಕ್ಕೆ ಹತ್ತು ಗಂಟೆ ಪರದೆಯ ಮುಂದೆ ಕುಳಿತು, ತನ್ನ ಕೆಲಸ ಯಾರಿಗೆ ಒದಗಿತು ಎಂಬುದೇ ಕಾಣದೆ ದುಡಿಯುವ ಮನುಷ್ಯನಿಗೆ, ತಾನು ಬಿತ್ತಿದ ಅವರೆ ತನ್ನ ತಟ್ಟೆಗೆ ಬರುವುದನ್ನು ನೋಡಬೇಕೆನಿಸುವುದು ಗೌರವಿಸಬೇಕಾದ ಹಸಿವು.

‘ಹೋಮ್‌ಸ್ಟೆಡಿಂಗ್’ ಎಂಬ ಪದ ಅಮೆರಿಕದ್ದು. 1862ರ ಅಲ್ಲಿನ ಕಾಯಿದೆಯೊಂದು, 160 ಎಕರೆ ಸರ್ಕಾರಿ ನೆಲದಲ್ಲಿ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ ಅದರ ಒಡೆತನವನ್ನು ಬಿಟ್ಟುಕೊಡುತ್ತಿತ್ತು. ಅದು ಮೂಲನಿವಾಸಿಗಳು ಕಳೆದುಕೊಂಡ ನೆಲವಾಗಿತ್ತು ಎಂಬುದನ್ನೂ ನೆನೆಯಬೇಕು. ಇಂದು ಆ ಮಾತಿಗೆ ಬೇರೆ ಅರ್ಥವಿದೆ. ಒಂದು ಸಂಸಾರ ತಾನು ಉಣ್ಣುವುದರ, ಬಳಸುವುದರ ದೊಡ್ಡ ಪಾಲನ್ನು ತನ್ನ ನೆಲದಲ್ಲಿ ತಾನೇ ದುಡಿದು ಒದಗಿಸಿಕೊಳ್ಳುವುದನ್ನು ಈಗ ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಇದಕ್ಕೆ ಹೊಸ ಹೆಸರು ಬೇಕಿರಲಿಲ್ಲ. ಹೊಸ ಮನೆ ಹೊಗುವುದನ್ನು ಮನೆಯೊಕ್ಕಲು ಎನ್ನುತ್ತೇವೆ, ಬೇಸಾಯವನ್ನು ಒಕ್ಕಲುತನ ಎನ್ನುತ್ತೇವೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬಚ್ಚಲ ನೀರು ಹರಿಯುವಲ್ಲಿ ಬಾಳೆ. ಹಿತ್ತಲಲ್ಲಿ ನುಗ್ಗೆ, ಕರಿಬೇವು. ಕೊಟ್ಟಿಗೆಯ ಕಸ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ. ನೀವು ಬೆಳೆದ ಮನೆಯೂ ಇಂಥದ್ದೇ ಆಗಿದ್ದಿರಬೇಕು.

ಆದರೆ ಆ ಮನೆಯಲ್ಲಿ ಹೊಲಕ್ಕಿಂತ ಹೆಚ್ಚಿನ ದುಡಿಮೆ ಒಳಗೆ ನಡೆಯುತ್ತಿತ್ತು, ಮತ್ತು ಅದು ಹೆಂಗಸರ ಪಾಲಿಗಿತ್ತು. ಬೆಳೆದದ್ದನ್ನು ಹುಳ ಬೀಳದಂತೆ, ಬೂಸಲು ಹಿಡಿಯದಂತೆ ಮುಂದಿನ ಸುಗ್ಗಿಯವರೆಗೆ ಉಳಿಸಿಕೊಳ್ಳುವುದು ಬೆಳೆಯುವಷ್ಟೇ ದೊಡ್ಡ ಕೆಲಸ. ನನ್ನ ತಾಯಿ ಬಿತ್ತನೆಯ ಕಾಳಿಗೆ ಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಆ ದಿನಗಳಲ್ಲಿ ಅವರ ಬೆರಳ ಬಿರುಕುಗಳಲ್ಲಿ ಕೂತ ಬೂದಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ತಂಗಿಯ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ, ಊಟ ಮುಗಿಯುತ್ತಲೇ ಸಂಜೆಯ ಬಸ್ಸು ಹಿಡಿದು ಮರಳಿದವರು ಅವರು. ಮನೆಯ ಹಸು ಬೇರೆಯವರ ಕೈಗೆ ಹಾಲು ಕೊಡುತ್ತಿರಲಿಲ್ಲ. ಈ ಮಾತನ್ನು ಅವರು ಎಂದೂ ದೂರಾಗಿ ಹೇಳಲಿಲ್ಲ, ನನಗೆ ಮಾತ್ರ ಇಂದಿಗೂ ಮರೆಯಲಾಗಿಲ್ಲ.

ಆದ್ದರಿಂದ ನಿಮ್ಮ ಪತಿಯನ್ನು ಮೊದಲು ಕೇಳಬೇಕಾದದ್ದು, ಬೆಳಗಿನ ಐದು ಗಂಟೆಗೆ ಕೊಟ್ಟಿಗೆ ಬಾಚುವವರು ಯಾರು, ರಾಗಿ ಕೇರುವವರು ಯಾರು, ಹೆಪ್ಪು ಹಾಕುವವರು ಯಾರು ಎಂದು. ಉತ್ತರಕ್ಕೆ ಶಿರಾದವರೆಗೆ ಹೋಗಬೇಕಾಗಿಲ್ಲ. ಮುಂದಿನ ಆರು ತಿಂಗಳು ಈಗಿರುವ ಮನೆಯಲ್ಲೇ ಮೊಸರು, ದೋಸೆ ಹಿಟ್ಟು, ಉಪ್ಪಿನಕಾಯಿ, ರಾಗಿ ಹಸನು ಮಾಡಿ ಬೀಸಿಸಿ ತರುವುದು, ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವುದು, ಇವಿಷ್ಟನ್ನೂ ಅವರೇ ನೋಡಿಕೊಳ್ಳಲಿ. ನೀವು ನೆನಪಿಸಲೂ ಬೇಡಿ. ನೆಲವೊಂದನ್ನು ಬಿಟ್ಟರೆ ಈ ಜೀವನಕ್ರಮದ ಬಹುಭಾಗ ಇದೇ. ಬೇಸರಿಕೆಯನ್ನೂ ಸೇರಿಸಿಕೊಂಡು ಇದನ್ನು ಅವರು ಪ್ರೀತಿಸಿದರೆ ಅವರ ಮಾತಿಗೆ ತೂಕ ಬರುತ್ತದೆ, ಆಗ ನೀವೂ ಅದನ್ನು ಬೇರೆ ಕಿವಿಯಿಂದ ಕೇಳಬೇಕಾಗುತ್ತದೆ.

ದುಡ್ಡಿನ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ಕುಳಿತು ಹಾಕಿ. ನಾಲ್ಕು ಜನರ ಸಂಸಾರ ದಿನಕ್ಕೊಮ್ಮೆ ಮುದ್ದೆ ಉಂಡರೆ ವರ್ಷಕ್ಕೆ ಎರಡೂವರೆ ಕ್ವಿಂಟಲ್ ರಾಗಿ ಸಾಕು. ಮಳೆ ಕೈಕೊಡದ ವರ್ಷ ಅದಕ್ಕೆ ಅರ್ಧ ಎಕರೆಯೇ ಹೆಚ್ಚು. ಹೊಟ್ಟೆಗೆ ಮೂರು ಎಕರೆ ಸಾಲದೆ ಹೋಗದು. ಸಾಲದೆ ಹೋಗುವುದು ಶಾಲೆಯ ಶುಲ್ಕಕ್ಕೆ, ಆಸ್ಪತ್ರೆಗೆ, ಸುಟ್ಟುಹೋದ ಪಂಪಿನ ಮೋಟರಿಗೆ. ಇಂದು ತೆಂಗು ನೆಟ್ಟರೆ ಫಲ ಕಾಣಲು ಆರೇಳು ವರ್ಷ ಬೇಕು. 1932ರಲ್ಲಿ ನ್ಯೂಯಾರ್ಕ್ ತೊರೆದು ವರ್ಮಾಂಟ್‌ನ ಗುಡ್ಡಗಾಡಿಗೆ ಹೋಗಿ, ಈ ಬಗೆಯ ಬದುಕಿಗೆ ಅಮೆರಿಕದಲ್ಲಿ ಮಾದರಿಯಾದ ಸ್ಕಾಟ್ ಮತ್ತು ಹೆಲೆನ್ ನಿಯರಿಂಗ್ ದಂಪತಿ ಕೂಡ, ಮೇಪಲ್ ಮರದ ರಸ ಕಾಯಿಸಿ ಪಾಕ ಮಾರಿ ಕೈಗೆ ಕಾಸು ಮಾಡಿಕೊಳ್ಳುತ್ತಿದ್ದರು. ನಿಮ್ಮ ಮನೆಯಲ್ಲಿ ಆ ಕಾಸು ಎಲ್ಲಿಂದ ಬರುತ್ತದೆ? ನಿಮ್ಮ ಬ್ಯಾಂಕಿನ ಸಂಬಳದಿಂದ ಎಂದಾದರೆ, ಅದನ್ನು ಅವರು ಬಾಯಿಬಿಟ್ಟು ಹೇಳಲಿ. ವಾರವೆಲ್ಲ ನಗರದಲ್ಲಿ ದುಡಿದು ಶನಿವಾರ ತೋಟಕ್ಕೆ ಹೋಗಿ ಕಾಳು ಹಸನು ಮಾಡುವ ಪಾಳಿ ನಿಮ್ಮದಾಗಬಾರದು.

ಜಮೀನಿನ ವಿಷಯದಲ್ಲಿ ಅವಸರ ಸಲ್ಲದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು. ಕೊಳ್ಳುವುದು ಸುಲಭವಾಯಿತು, ಮೋಸಹೋಗುವುದೂ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ಸರ್ವೆ ನಕ್ಷೆಯ ಜೊತೆಗೆ, ಜಮೀನಿಗೆ ಹೋಗುವ ದಾರಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ವಕೀಲರಿಂದ ನೋಡಿಸಿ. ಶಿರಾ ಸೀಮೆ ಮಳೆ ಕಡಿಮೆಯಿರುವ ಸೀಮೆ. ದೀಪಾವಳಿಯ ಹೊತ್ತಿಗೆ ಹಸಿರಾಗಿದ್ದ ಹೊಲವನ್ನು ಏಪ್ರಿಲ್ ಕೊನೆಯಲ್ಲಿ ಮತ್ತೊಮ್ಮೆ ನೋಡಬೇಕು, ಕೊಳವೆಬಾವಿಯ ಪಂಪನ್ನು ಆಗ ಒಂದು ಗಂಟೆ ಓಡಿಸಿ ನೋಡಬೇಕು. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಊರು ಬದಲಿಸುವ ಮಾತು ಬೇಡ.

ಇನ್ನು ನಿಮ್ಮ ತಂದೆಯ ಮಾತು. ಅವರು ಓದಿಸಿದ್ದು ನೀವು ಹಳ್ಳಿಗೆ ಎಂದೂ ಮರಳಬಾರದೆಂದಲ್ಲ, ಮರಳುವುದಾದರೆ ನಿಮ್ಮ ಇಷ್ಟದಿಂದ ಮರಳಲೆಂದು ಎಂದು ನಾನು ತಿಳಿಯುತ್ತೇನೆ. ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ, ಅಡುಗೆ ಅನಿಲ ಬಂದ ಮೇಲೆ ಆ ದುಡಿಮೆಯ ಒಂದು ಪಾಲು ನಿಜಕ್ಕೂ ಹಗುರಾಗಿದೆ. ನಿಮಗೆ ಬೇಡವಾಗಿರುವುದು ಮಣ್ಣೋ, ಒಬ್ಬಳೇ ಹೊರಬೇಕಾದ ಆ ಹೊರೆಯೋ ಎಂದು ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ. ಎರಡಕ್ಕೂ ಒಲ್ಲೆನೆಂಬುದೇ ಉತ್ತರವಾದರೆ ಅದನ್ನು ಹೇಳಲು ಸಂಕೋಚಪಡಬೇಡಿ. ಆಗ ನಿಮ್ಮ ಪತಿ ಎಷ್ಟೇ ಸಿದ್ಧರಾಗಿದ್ದರೂ ಫ್ಲ್ಯಾಟ್ ಮಾರುವ ಮಾತು ಅಲ್ಲಿಗೆ ನಿಲ್ಲಬೇಕು.

ತವರಿನಲ್ಲಿ ಇನ್ನೂ ದನಕರುಗಳಿದ್ದರೆ ಬರುವ ಏಪ್ರಿಲ್‌ನಲ್ಲಿ ಪತಿಯನ್ನು ಹತ್ತು ದಿನ ಅಲ್ಲಿಗೆ ಕಳಿಸಿ. ನೀವು ಜೊತೆಗೆ ಹೋಗಬೇಡಿ, ಅಳಿಯನೆಂದು ಉಪಚರಿಸಬಾರದೆಂದು ಅಮ್ಮನಿಗೆ ಮೊದಲೇ ಹೇಳಿಡಿ. ಅದುವರೆಗೆ ಯಾವ ಕರಾರಿಗೂ ಸಹಿ ಹಾಕಬೇಡಿ. ಫ್ಲ್ಯಾಟ್ ಇಬ್ಬರ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿಯಿಲ್ಲದೆ ಇಡೀ ಫ್ಲ್ಯಾಟಿನ ಮಾರಾಟ ನಡೆಯುವುದಿಲ್ಲ. ಯುಗಾದಿಯೊಳಗೆ ಮುಂಗಡ ಕೊಡಿ ಎನ್ನುವವರಿಗೆ, ಯುಗಾದಿ ಕಳೆಯಲಿ ಎಂದು ಹೇಳಿ ಕಳಿಸಿ.