ಮುಂಕ್ ಚಿತ್ರಕ್ಕೆ ದಪ್ಪ ಬಣ್ಣ ಬೇಕೆ?

ಪ್ರಶ್ನೆ: ಎಡ್ವರ್ಡ್ ಮುಂಕ್‌ನ ‘ದಿ ಸ್ಕ್ರೀಮ್’ ಚಿತ್ರವನ್ನು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದೇನೆ. ಎಕ್ಸ್‌ಪ್ರೆಷನಿಸ್ಟ್ (ಕಂಡದ್ದಕ್ಕಿಂತ ಒಳಗಿನ ಭಾವಕ್ಕೆ ಒತ್ತು ಕೊಡುವ ಶೈಲಿಯ) ಚಿತ್ರವಲ್ಲವೇ ಎಂದು ಪ್ಯಾಲೆಟ್ ನೈಫಿನಿಂದ ದಪ್ಪಗೆ ಬಣ್ಣ ಹಾಕಿದೆ. ಗೆರೆ, ಬಣ್ಣ ಎಲ್ಲ ಸರಿ ಇದ್ದರೂ ಮೂಲದ ಕಳೆ ಬಂದಿಲ್ಲ. ಏಕೆ?

ಆ ದಪ್ಪ ಬಣ್ಣದಿಂದಲೇ. ದಪ್ಪಗೆ ಬಣ್ಣ ಹಾಕುವ ವ್ಯಾನ್ ಗೋನ ರೂಢಿಯನ್ನು ಅವನ ನಂತರದವರೆಲ್ಲರ ತಲೆಗೂ ಕಟ್ಟುವುದು ನಕಲು ಮಾಡುವವರಲ್ಲಿ ತೀರಾ ಸಾಮಾನ್ಯ. ಓಸ್ಲೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ 1893ರ ‘ದಿ ಸ್ಕ್ರೀಮ್’ ಕ್ಯಾನ್ವಾಸಿನ ಮೇಲೆ ಇಲ್ಲ, ರಟ್ಟಿನ ಮೇಲಿದೆ. ಟೆಂಪರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ), ಕ್ರೇಯಾನ್‌ಗಳ ಕೆಲಸ ಎಷ್ಟು ತೆಳುವಾಗಿದೆಯೆಂದರೆ ಗೆರೆಗಳ ಸಂದಿಯಲ್ಲಿ ರಟ್ಟಿನ ಕಂದು ಬಣ್ಣ ಹಾಗೇ ಇಣುಕುತ್ತದೆ. ಆ ಕಂದು ಕೂಡ ಚಿತ್ರದ ಒಂದು ಬಣ್ಣವೇ. ನೀವು ಅದನ್ನು ಪೂರ್ತಿ ಮುಚ್ಚಿಬಿಟ್ಟಿದ್ದೀರಿ.

ಹೊಸ ಕ್ಯಾನ್ವಾಸಿನಿಂದ ಶುರು ಮಾಡಿ. ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮುನ್ನ ಬಳಿಯುವ ಬಿಳಿ ತಳಲೇಪ) ಎರಡು ಕೋಟ್ ಬಳಿದು, ಒಣಗಿದ ಮೇಲೆ ನುಣುಪು ಮರಳು ಕಾಗದದಿಂದ ಉಜ್ಜಿ. ಮೂರನೇ ಕೋಟಿಗೆ ಅಕ್ರಿಲಿಕ್ ರಾ ಅಂಬರ್ (ಮಣ್ಣುಗಂದು) ಮತ್ತು ಯೆಲ್ಲೋ ಓಕರ್ (ಮಣ್ಣುಹಳದಿ) ಬೆರೆಸಿ ರಟ್ಟಿನ ಬಣ್ಣ ತನ್ನಿ. ಎಣ್ಣೆಬಣ್ಣ ಹಚ್ಚುವ ಮುನ್ನ ಎರಡು ಮೂರು ದಿನ ಬಿಡಿ. ಆಮೇಲೆ ಗಡಸು ಕೂದಲಿನ ಚಪ್ಪಟೆ ಬ್ರಷ್ಷಿಗೆ ಬಣ್ಣ ತೆಗೆದುಕೊಂಡು, ಬಟ್ಟೆಗೆ ಒಮ್ಮೆ ಒರೆಸಿ, ಅರೆ ಒಣಗಿದಂತಿರುವ ಬ್ರಷ್ಷಿನಿಂದ ಆಕಾಶದ ಅಲೆಗಳನ್ನು ಎಳೆಯಿರಿ. ಒಂದೇ ಎಳೆತಕ್ಕೆ ಬಿಡಬೇಕು. ತಿದ್ದಲು ಹೋದರೆ ಸಂದಿಗಳು ಮುಚ್ಚಿಹೋಗುತ್ತವೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ತೆಳುವಾಗಲಿ ಎಂದು ಟರ್ಪಂಟೈನ್ ಸುರಿಯುವುದು ಒಂದು. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ದಾಟಿಸಬೇಡಿ. ದಾಟಿದರೆ ಬಣ್ಣದ ಪುಡಿಯನ್ನು ಹಿಡಿದಿಡಲು ಎಣ್ಣೆ ಸಾಲದೆ, ಒಣಗಿದ ಬಣ್ಣ ಬೆರಳಿಗೆ ಮೆತ್ತುತ್ತದೆ. ಇನ್ನೊಂದು, ಕ್ರೇಯಾನ್ ಗೆರೆಗಳಿಗೆ ಆಯಿಲ್ ಪೇಸ್ಟಲ್ ಬಳಸುವುದು. ಅದು ಎಂದೂ ಪೂರ್ತಿ ಒಣಗುವುದಿಲ್ಲ, ವಾರ್ನಿಷ್ ಹಚ್ಚುವಾಗ ಕದಡುತ್ತದೆ. ಕೆಳಪದರ ಒಣಗಿದ ಮೇಲೆ ಸಣ್ಣ ಬ್ರಷ್ಷಿನಿಂದಲೇ ಗೆರೆ ಎಳೆಯಿರಿ.

ಅಂದಹಾಗೆ, ಮೂಲದಲ್ಲಿ ಆಕೃತಿಯ ಪಕ್ಕ ಬಿಳಿ ಕಲೆಯೊಂದಿದೆ. ಹಕ್ಕಿಯ ಹಿಕ್ಕೆ ಎಂದೇ ಬಹುಕಾಲ ಊಹಿಸಿದ್ದರು. 2016ರ ಪರೀಕ್ಷೆಯಲ್ಲಿ ಅದು ಮೇಣ ಎಂದು ತಿಳಿಯಿತು. ಅದನ್ನು ನಕಲಿಸುವ ಗೋಜು ಬೇಡ.

ಪ್ರಶ್ನೆ: ಫ್ರಾಂಜ್ ಮಾರ್ಕ್‌ನ ‘ಬ್ಲೂ ಹಾರ್ಸ್ 1’ ಚಿತ್ರವನ್ನು 60×90 ಸೆಂ.ಮೀ. ಅಳತೆಯಲ್ಲಿ ಬರೆಸಿದೆ. ಕುದುರೆ ಸಪೂರವಾಗಿ, ಉದ್ದವಾಗಿ ಕಾಣುತ್ತಿದೆ.

ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಕಲಾಸಂಗ್ರಹಾಲಯದಲ್ಲಿರುವ 1911ರ ಮೂಲದ ಎತ್ತರ 112, ಅಗಲ 84.5 ಸೆಂ.ಮೀ. ಅಗಲ 60 ಇಟ್ಟುಕೊಂಡರೆ ಎತ್ತರ ಸುಮಾರು 79.5 ಬರಬೇಕು. ನಿಮ್ಮ ಕಲಾವಿದರು ಅದನ್ನು 90ಕ್ಕೆ ಎಳೆದಿದ್ದಾರೆ, ಅಂದರೆ ಕುದುರೆ ಸುಮಾರು 13 ಶೇಕಡಾ ಉದ್ದವಾಗಿದೆ. ಎಳೆಯದೆ ಎತ್ತರ 90 ಮಾಡಿದ್ದರೆ ಅಗಲದಲ್ಲಿ 8 ಸೆಂ.ಮೀ. ಕತ್ತರಿಸಬೇಕಾಗುತ್ತಿತ್ತು. ಈ ಚಿತ್ರಕ್ಕೆ 60×80 ಹೇಳಿ ಮಾಡಿಸಿದ ಅಳತೆ. ‘ದಿ ಸ್ಕ್ರೀಮ್’ 91 ಎತ್ತರ, 73.5 ಅಗಲ ಇರುವುದರಿಂದ ಅದಕ್ಕೆ 60×75 ಹೊಂದುತ್ತದೆ. ಮೊದಲು ಮೂಲದ ಅಳತೆ ನೋಡಿ, ಆಮೇಲೆ ಚೌಕಟ್ಟು. ಕ್ಯಾನ್ವಾಸನ್ನು ಮರಕ್ಕೆ ಮಡಚಿ ಬಿಗಿಯಲು ನಾಲ್ಕೂ ಬದಿ 4–5 ಸೆಂ.ಮೀ. ಹೆಚ್ಚುವರಿ ಬಟ್ಟೆ ಬೇಕೆಂದು ಬೇರೆಯಾಗಿಯೇ ಹೇಳಿ. ಇಲ್ಲದಿದ್ದರೆ ಚಿತ್ರದ ಅಂಚೇ ಪಕ್ಕಕ್ಕೆ ತಿರುಗಿ ಹೋಗುತ್ತದೆ.

ಪ್ರಶ್ನೆ: ಒಣಗಿದ ಮೇಲೆ ಕಡುಬಣ್ಣದ ಜಾಗಗಳು ಅಲ್ಲಲ್ಲಿ ಮಂಕಾಗಿವೆ. ವಾರ್ನಿಷ್ ಹಚ್ಚಿದರೆ ಸರಿಹೋಗುತ್ತದೆಯೇ?

ಈಗಲೇ ಬೇಡ. ಮೇಲ್ಪದರದ ಎಣ್ಣೆಯನ್ನು ಕೆಳಪದರ ಹೀರಿಕೊಂಡಾಗ ಹೀಗಾಗುತ್ತದೆ. ಅಂಬರ್, ಕಪ್ಪು ಇರುವಲ್ಲಿ ಹೆಚ್ಚು. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿರಲಿ. ಅಗಸೆ ಎಣ್ಣೆ ಮತ್ತು ಟರ್ಪಂಟೈನ್ ಸಮಪಾಲು ಬೆರೆಸಿ, ನೂಲೇಳದ ಬಟ್ಟೆಯಿಂದ ಮಂಕು ಜಾಗಕ್ಕಷ್ಟೇ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಿರಿ. ಎಣ್ಣೆ ಉಳಿದರೆ ಹಳದಿಗಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಇಡಿ.

ವಾರ್ನಿಷ್‌ಗೆ ತೆಳು ಚಿತ್ರವಾದರೆ ಆರು ತಿಂಗಳು, ದಪ್ಪವಾದರೆ ಒಂದು ವರ್ಷ ಕಾಯುವುದು ರೂಢಿ. ಅದಾದರೂ ಹೊಳಪಿನದು ಎಲ್ಲಕ್ಕೂ ಒಪ್ಪುವುದಿಲ್ಲ. ಜರ್ಮನ್ ಎಕ್ಸ್‌ಪ್ರೆಷನಿಸ್ಟ್ ಕಿರ್ಷ್ನರ್ ಬಣ್ಣಕ್ಕೆ ಪೆಟ್ರೋಲ್ ಬೆರೆಸಿ ಮ್ಯಾಟ್ (ಹೊಳಪಿಲ್ಲದ) ಮೈ ಬರಿಸುತ್ತಿದ್ದವನು. ಅವನ ಬೀದಿಚಿತ್ರದ ಪ್ರತಿಗೆ ಹೊಳೆಯುವ ವಾರ್ನಿಷ್ ಬಳಿದರೆ ಕ್ಯಾಲೆಂಡರ್ ಚಿತ್ರದಂತಾಗುತ್ತದೆ.

ಪ್ರಶ್ನೆ: ಕೈಯಲ್ಲಿ ಬರೆದದ್ದು ಎಂದು ಕೊಂಡ ಪ್ರತಿ ನಿಜಕ್ಕೂ ಹಾಗೇ ಇದೆಯೇ ಎಂದು ತಿಳಿಯುವುದು ಹೇಗೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಬಣ್ಣದ ಅಂಚಿನಲ್ಲಿ ಸಣ್ಣ ಚುಕ್ಕಿಗಳು ಕಂಡರೆ ಅದು ಮುದ್ರಣ. ಮುದ್ರಣದ ಮೇಲೆ ಪಾರದರ್ಶಕ ಜೆಲ್ ಬಳಿದು ಉಬ್ಬು ತಂದಿರುವುದೂ ಉಂಟು. ಆಗ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ: ಬಣ್ಣದ ಗೆರೆ ಒಂದು ಕಡೆ ಹೋದರೆ ಉಬ್ಬಿನ ಗೆರೆ ಇನ್ನೊಂದು ಕಡೆ ಹೋಗಿರುತ್ತದೆ. ಕೈಕೆಲಸದಲ್ಲಿ ಎರಡೂ ಒಟ್ಟಿಗೇ ತಿರುಗುತ್ತವೆ.

ಪ್ರಶ್ನೆ: ಸುರುಳಿ ಸುತ್ತಿ ಕಳಿಸಿದ ಚಿತ್ರದ ಮೇಲೆ ದುಂಡು ಗುರುತುಗಳು ಮೂಡಿವೆ.

ಪೂರ್ತಿ ಒಣಗುವ ಮೊದಲೇ ಗುಳ್ಳೆ ಪ್ಲಾಸ್ಟಿಕ್ಕನ್ನು ಬಣ್ಣಕ್ಕೆ ತಾಗಿಸಿ ಸುತ್ತಿದ್ದಾರೆ. ಗುರುತು ಹೊಳಪಿನಲ್ಲಷ್ಟೇ ಇದ್ದರೆ ಮುಂದೆ ಮ್ಯಾಟ್ ವಾರ್ನಿಷ್ ಹಚ್ಚಿದಾಗ ಬಹುಮಟ್ಟಿಗೆ ಮರೆಯಾಗುತ್ತದೆ. ಬಣ್ಣವೇ ಕುಳಿಬಿದ್ದಿದ್ದರೆ ಮತ್ತೆ ಬರೆಸಬೇಕು. ಸುತ್ತುವಾಗ ಬಣ್ಣದ ಮುಖ ಹೊರಗಿರಬೇಕು, ಒಳಗಲ್ಲ. ಒಳಗಿದ್ದರೆ ಪದರ ಒತ್ತಿಕೊಂಡು ಸುಕ್ಕಾಗುತ್ತದೆ. ಕೊಳವೆ ಕನಿಷ್ಠ 10 ಸೆಂ.ಮೀ. ಅಗಲವಿರಲಿ, ದಪ್ಪ ಬಣ್ಣಕ್ಕೆ ಇನ್ನೂ ಅಗಲ. ಚಿತ್ರಕ್ಕೆ ತಾಗುವ ಹಾಳೆ ಸಿಲಿಕೋನ್ ಲೇಪದ್ದಾಗಿರಲಿ, ಗುಳ್ಳೆ ಪ್ಲಾಸ್ಟಿಕ್ ಅದರ ಹೊರಗೆ.